ಯಗಚಿಯಲ್ಲಿ ಅದ್ದಿದ ಪಾತ್ರೆ

ಅರಸೀಕೆರೆ,
9-2-2025, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗು ಇಂದ್ರೇಶನಿಗೆ,

ನಿನ್ನ ಅಜ್ಜಿ ವಿಶಾಲಮ್ಮನ ಮನಸಾರೆ ಆಶೀರ್ವಾದ. ಹೇಗಿದ್ದೀಯೋ? ಪುಣೆಯ ಚಳಿ ಇಳಿಯಿತೇ? ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ ಊರವರ ಕೈಕಾಲು ಎಳೆದು ನೆಟ್ಟಗೆ ಮಾಡುವವನು ನೀನು, ನಿನ್ನ ಬೆನ್ನುನೋವನ್ನು ಕೇಳುವವರು ಯಾರು? ರೂಬೆನ್ ಕೇಳುತ್ತಾನೆ ಎಂದು ಗೊತ್ತು. ಆದರೂ ಕೇಳುವುದು ನನ್ನ ಹಕ್ಕು, ಬಿಟ್ಟುಕೊಡುವುದಿಲ್ಲ. ಅವನು ತನ್ನ ಅಂಗಡಿಯಲ್ಲೇ ಮಾಡಿ ಕಳಿಸಿದ ಕನ್ನಡಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಎದುರು ಮನೆಯವರು ಮಾಳಿಗೆಯ ಮೇಲೆ ಏನು ಒಣಹಾಕಿದ್ದಾರೆ ಎನ್ನುವುದೂ ಈಗ ಕಾಣುತ್ತದೆ, ಅದರಿಂದ ನನಗೆ ಎಷ್ಟು ಉಪಕಾರವಾಗಿದೆ ಎಂದು ಅವನಿಗೆ ಹೇಳು. ನನ್ನ ಮಂಡಿ ನೀನು ಹೇಳಿಕೊಟ್ಟ ವ್ಯಾಯಾಮಕ್ಕೆ ಬಗ್ಗುತ್ತಿದೆ, ಅಂದರೆ ನಾನು ಮಾಡಿದ ದಿನ ಬಗ್ಗುತ್ತದೆ. ನಿನ್ನಮ್ಮ ಕಡೂರಿಗೆ ತವರಿಗೆ ಹೋಗಿದ್ದಾಳೆ. ಕೊಬ್ಬರಿಗೆ ಒಳ್ಳೆ ಬೆಲೆ ಬಂದಿರುವುದರಿಂದ ನಿನ್ನಪ್ಪ ಕರಿಬಸವಯ್ಯನ ಮುಖ ನೋಡುವ ಹಾಗಿದೆ. ಇಷ್ಟನ್ನೂ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀಯ. ಇದು ನಾನು ಗೆದ್ದ ಸುದ್ದಿ, ಯಾರೂ ತಡೆಯದ ಹಾಗೆ ಪೂರ್ತಿ ಹೇಳಬೇಕು.

ಬುಧವಾರ ನಮ್ಮ ಮನೆಗೆ ಬಂದವರು ಯಾರು ಹೇಳು ನೋಡೋಣ? ರೂಬೆನ್‌ನ ತಂದೆ, ಠಾಣೆ ಎಂಬ ಊರಿನ ಸ್ಯಾಮ್ಸನ್ ರೋಹೇಕರ್! ಹೌದು ಕಣೋ, ಅವರೇ. ನೀವಿಬ್ಬರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದಾಗಿನಿಂದ ಮಗನ ಹೊಸಿಲು ತುಳಿಯದ, ಮಗನ ಜೊತೆ ಕೂತು ಒಂದು ತುತ್ತು ಉಣ್ಣದ ಅದೇ ಮನುಷ್ಯ. ನಿಮಗೆ ಗೊತ್ತಾಗದ ಹಾಗೆ ನಿನ್ನಪ್ಪನಿಗೆ ಫೋನ್ ಮಾಡಿ ಬಂದಿದ್ದರು. ಬಂದ ಉದ್ದೇಶವನ್ನೂ ಮುಚ್ಚಿಡಲಿಲ್ಲ. ಎರಡು ಮನೆಯ ಹಿರಿಯರು ಒಂದಾಗಿ ಹುಡುಗರನ್ನು ಬೇರೆ ಬೇರೆ ಮಾಡಬೇಕಂತೆ. ಅರಸೀಕೆರೆಯಂಥ ಊರಿನವರು, ಮಠಕ್ಕೆ ನಡೆದುಕೊಳ್ಳುವವರು, ತಮ್ಮ ಕಡೆಗೇ ಇರುತ್ತಾರೆ ಎಂದು ಲೆಕ್ಕ ಹಾಕಿದ್ದರು. ನಿನ್ನಪ್ಪನ ಕಣ್ಣು ಒಂದು ಗಳಿಗೆ ಅರಳಿದ್ದನ್ನು ನಾನು ಹೊಸ ಕನ್ನಡಕದಲ್ಲಿ ನೋಡಿದೆ. "ಮೊದ್ಲು ಬಂದೋರು ಕಾಲ್ ತೊಳ್ಕೊಳ್ಳಲಿ, ಆಮೇಲೆ ಪಂಚಾಯ್ತಿ" ಎಂದು ಅವನ ಬಾಯಿ ಮುಚ್ಚಿಸಿದೆ.

ಉಪ್ಪಿಟ್ಟು, ಕಾಫಿ ತಂದಿಟ್ಟರೆ ಆ ಯಜಮಾನರು ಕೈ ಜೋಡಿಸಿ ಬೇಡ ಎಂದರು. ನೀರು ಮಾತ್ರ ಗಾಜಿನ ಲೋಟದಲ್ಲಿ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಓಹೋ, ನಮ್ಮ ಕೈಯದು ಉಣ್ಣದಷ್ಟು ದೊಡ್ಡ ಜಾತಿಯವರು ಯಾರಪ್ಪ ಇವರು ಎಂದುಕೊಂಡು, ತಟ್ಟೆಯನ್ನು ಸದ್ದಾಗುವ ಹಾಗೆಯೇ ತೆಗೆದೆ. ಅವರಿಗೆ ಅರ್ಥವಾಯಿತು. ಹರೆಯದಲ್ಲಿ ಕೆಲವು ವರ್ಷ ಇದೇ ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಲಸದಲ್ಲಿದ್ದವರಂತೆ, ಹಿಂದಿ ಬೆರೆತ ಮುರುಕು ಕನ್ನಡ ಇನ್ನೂ ನಾಲಗೆಯ ಮೇಲಿದೆ. "ಅಮ್ಮಾ, ನಿಮ್ಮ ಮನೆ ಶುದ್ಧ ಇಲ್ಲ ಅಂತ ಅಲ್ಲ. ನಮ್ಮ ಧರ್ಮದ ಕಾನೂನು ಹಾಗೆ" ಎಂದರು. ಮಾಂಸವನ್ನೂ ಹಾಲನ್ನೂ ಕೂಡಿಸಬಾರದು, ಒಂದಕ್ಕೆ ಬಳಸಿದ ಪಾತ್ರೆ ಇನ್ನೊಂದಕ್ಕೆ ಆಗದು, ಬೇರೆಯವರು ಬೇಯಿಸಿದ್ದು ಹಾಗೇ ಉಣ್ಣಲಾಗದು, ಹೀಗೆ ಯಹೂದಿಗಳಿಗೆ ನೂರೆಂಟು ಕಟ್ಟಳೆ. ಅವರ ಜನರೆಲ್ಲ ಇಷ್ಟು ಬಿಗಿಯಾಗಿ ನಡೆಯುವುದಿಲ್ಲವಂತೆ. ಹೆಂಡತಿ ತೀರಿಕೊಂಡ ಮೇಲೆ ಇವರು ಹೀಗಾದರಂತೆ, ತಾವೇ ಬೇಯಿಸಿಕೊಂಡು ಉಣ್ಣುತ್ತಾರಂತೆ. ಅವರ ಹಿಂದಿನವರು ಕೊಂಕಣದ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆಯುತ್ತಿದ್ದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಶನಿವಾರದ ಗಾಣಿಗರು ಎನ್ನುತ್ತಿದ್ದರು ಎಂದು ಹೇಳಿದಾಗ ನಿನ್ನಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಎಣ್ಣೆ, ಕೊಬ್ಬರಿಯ ಮಾತು ಬಂದರೆ ಅವನಿಗೆ ಜಗತ್ತೇ ಬೇಡ. ನನಗೋ ನಮ್ಮತ್ತೆಯ ನೆನಪಾಯಿತು. ಕೊರಳಲ್ಲಿ ಲಿಂಗವಿಲ್ಲದವರ ಕೈಯ ನೀರನ್ನೂ ಆಕೆ ಸಾಯುವ ತನಕ ಮುಟ್ಟಲಿಲ್ಲ. ಅಂಥ ಹಠದ ಜೊತೆ ಬಾಳಿದವಳು ನಾನು, ಈ ಮನುಷ್ಯನ ಹಠ ನನಗೆ ಹೊಸದೇನಲ್ಲ.

ಹಾಗಂತ ನನ್ನ ಮನೆಗೆ ಬಂದ ಬೀಗರು ಬಾಳೆಹಣ್ಣು ತಿಂದುಕೊಂಡು ಕೂರುವುದನ್ನು ನೋಡುತ್ತಾ ಇರಲಾಗುತ್ತದೆಯೇ? ಬೀಗರು ಎಂದೇ ಬರೆದಿದ್ದೇನೆ, ನಗಬೇಡ. ಸರ್ಕಾರ ನಿಮ್ಮ ಮದುವೆಯನ್ನು ಇನ್ನೂ ಒಪ್ಪಿಲ್ಲ, ನಾನು ಒಪ್ಪಿ ಎಷ್ಟೋ ಕಾಲವಾಯಿತು. "ನಾನು ನಿಮ್ಗೆ ಅಡ್ಗೆ ಮಾಡಿ ಬಡ್ಸಕ್ಕೆ ನಿಮ್ ಕಾನೂನ್ನಾಗೆ ದಾರೀನೇ ಇಲ್ವಾ?" ಎಂದು ನೇರವಾಗಿ ಕೇಳಿದೆ. ಅವರು ಬಂದಮೇಲೆ ಮೊದಲ ಸಲ ನಕ್ಕರು. "ದಾರಿ ಇದೆ ಅಮ್ಮಾ" ಎಂದರು. ಹೊಸ ಪಾತ್ರೆಯನ್ನು ಅವರೇ ಕೊಳ್ಳಬೇಕು. ಅದನ್ನು ಹೊಳೆಯಲ್ಲಿ ಪೂರ್ತಿ ಮುಳುಗಿಸಬೇಕು. ಒಲೆ ಹಚ್ಚಿ ಪಾತ್ರೆ ಇಡುವುದು ಅವರ ಕೈಯಿಂದಲೇ ಆಗಬೇಕು. ಕಾಳಿನಲ್ಲಿ, ಸೊಪ್ಪಿನಲ್ಲಿ ಒಂದು ಹುಳವೂ ಇರಬಾರದು. ಮಿಕ್ಕದ್ದು ನಾನು ಮಾಡಬಹುದು. ಇಷ್ಟೇ ತಾನೇ ಎಂದೆ.

ಹೇಗೂ ಗುರುವಾರ ಹಳೇಬೀಡಿಗೆ ನಿನ್ನ ತಂಗಿ ಪುಷ್ಪಲತಾಳ ಮನೆಗೆ ಹೋಗುವುದಿತ್ತು. ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಮೊದಲು ಬೇಲೂರಿಗೆ ಹೋದೆವು. ಅಂಗಡಿಯಲ್ಲಿ ಅವರೇ ಒಂದು ಸ್ಟೀಲ್ ಪಾತ್ರೆ, ಒಂದು ಸೌಟು, ಒಂದು ತಟ್ಟೆ ಕೊಂಡರು. ಆಮೇಲೆ ಊರ ಪಕ್ಕದ ಯಗಚಿ ಹೊಳೆಗೆ ಇಳಿದರು. ಅಂಟಿಸಿದ ಚೀಟಿ ಇದ್ದರೆ ನೀರು ತಾಗುವುದಿಲ್ಲವೆಂದು ಉಗುರಿನಿಂದ ಕೆರೆದು ಕೆರೆದು ತೆಗೆದರು. ಕಣ್ಣು ಮುಚ್ಚಿ ಅವರ ಭಾಷೆಯಲ್ಲಿ ಒಂದು ಮಂತ್ರ ಹೇಳಿ ಪಾತ್ರೆಯನ್ನು ಮುಳುಗಿಸಿದರು. ಎಲ್ಲ ಕಡೆಗೂ ನೀರು ತಾಗಲೆಂದು ಕೈಯನ್ನು ಒಂದಿಷ್ಟು ಸಡಿಲ ಬಿಟ್ಟದ್ದೇ ತಡ, ಪಾತ್ರೆ ಹೊರಟೇ ಹೋಯಿತು. ನಿನ್ನಪ್ಪ, ಇಸ್ತ್ರಿ ಮಾಡಿದ ಪಂಚೆ ಉಟ್ಟ ಮಂಡಿ ಸಾಹುಕಾರ, ಸೊಂಟದ ತನಕ ನೀರಿಗಿಳಿದು ಅದನ್ನು ಹಿಡಿದು ತಂದ! ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ, "ಅದೇನ್ ಸಾವ್ಕಾರ್ರೆ, ಹೊಸಾ ಪಾತ್ರೆ ಕಂಡಂಗೈತೆ, ಅದ್ಯಾಕಂಗೆ ತೊಳೀತಿದ್ದೀರಿ?" ಎಂದಳು. "ಅದ್ರ ನಾಮಕರಣ ಕಣಮ್ಮ ಇವತ್ತು" ಎಂದ ನಿನ್ನಪ್ಪ. ರೋಹೇಕರರು ದಡದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗರನ್ನು ಬೇರೆ ಮಾಡಲು ಒಂದಾಗಬೇಕಿದ್ದ ಇಬ್ಬರು ಅಪ್ಪಂದಿರು ಹೀಗೆ ಪಂಚೆ ಹಿಂಡಿಕೊಂಡು ಒಂದಾದರು.

ಹಳೇಬೀಡಿನಲ್ಲಿ ಎಲ್ಲರೂ ದೇವಸ್ಥಾನ ನೋಡಿ ಬರೋಣವೆಂದು ಹೊರಟರೆ, ವಿಗ್ರಹವಿರುವ ಗುಡಿಯೊಳಗೆ ತಾವು ಹೋಗುವುದಿಲ್ಲ ಎಂದರು ಅವರು. ನನ್ನ ದೇವರು ನನ್ನ ಎದೆಯ ಮೇಲಿದ್ದಾನೆ, ನಾನೂ ಹೋಗುವವಳಲ್ಲ ಎಂದೆ ನಾನು. ಹೀಗೆ ಪುಷ್ಪಲತಾಳ ಮನೆಯ ಜಗಲಿಯ ಮೇಲೆ ಉಳಿದವರು ನಾವಿಬ್ಬರು ಮುದುಕರು ಮತ್ತು ಒಂದು ಮೊರ ಅವರೆಕಾಯಿ. ಅವರೆಯಲ್ಲಿ ಹುಳ ಇರುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಒಂದೊಂದು ಕಾಯನ್ನೂ ಬಿಡಿಸಿ, ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡುತ್ತಾ ಕೂತೆವು. ಕೈಗೆ ಕೆಲಸವಿದ್ದರೆ ಕಷ್ಟದ ಮಾತು ಆಡುವುದು ಸುಲಭ. "ಈಗೇಳಿ, ನಮ್ ಹುಡುಗ್ರ ವಿಷ್ಯದಾಗೆ ನಿಮ್ ಕಾನೂನು ಏನೇಳ್ತೈತೆ? ಒಂದೂ ಬಿಡ್ಬೇಡಿ" ಎಂದು ಶುರು ಹಚ್ಚಿದೆ.

ಅವರು ಏನನ್ನೂ ಮುಚ್ಚಿಡಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಅವರ ಮೂಲಗ್ರಂಥ ತೋರಾದಲ್ಲಿ, ಹೆಂಗಸಿನೊಡನೆ ಮಲಗುವಂತೆ ಗಂಡಸು ಗಂಡಸಿನೊಡನೆ ಮಲಗಕೂಡದು ಎಂದು ಬರೆದಿದೆಯಂತೆ, ಅದು ಹೇಯವೆಂಬ ಕಟುವಾದ ಮಾತಿನಲ್ಲೇ ಬರೆದಿದೆಯಂತೆ. ಅದಕ್ಕೆ ಮರಣದಂಡನೆಯನ್ನೂ ಹೇಳಿದೆಯಂತೆ. ನನ್ನ ಕೈಯಲ್ಲಿದ್ದ ಕಾಯಿ ಜಾರಿತು. ಅವರು ಅದನ್ನು ಎತ್ತಿಕೊಟ್ಟು, ಆ ಶಿಕ್ಷೆ ಕೊಡುವುದು ಅಸಾಧ್ಯವೆನ್ನುವಷ್ಟು ಸಾಕ್ಷಿ, ಎಚ್ಚರಿಕೆಗಳ ಷರತ್ತುಗಳನ್ನು ಹಳೆಯ ಪಂಡಿತರೇ ಸುತ್ತಲೂ ಕಟ್ಟಿದರು, ಅಂಥ ನ್ಯಾಯಸ್ಥಾನವೇ ಈಗ ಎಷ್ಟೋ ಶತಮಾನಗಳಿಂದ ಇಲ್ಲ, ಯಾರೂ ಅದನ್ನು ಕೇಳುವುದೂ ಇಲ್ಲ ಎಂದರು. ಇಬ್ಬರು ಹೆಂಗಸರಾದರೆ ಏನು ಎಂದೆ. ಆ ವಾಕ್ಯದಲ್ಲಿ ಹೆಂಗಸರ ಮಾತೇ ಇಲ್ಲ, ಆಮೇಲಿನ ಪಂಡಿತರು ಅದನ್ನೂ ಬೇಡ ಎಂದರು, ಆದರೆ ಅಷ್ಟು ದೊಡ್ಡ ತಪ್ಪೆಂದು ಎಣಿಸಲಿಲ್ಲವಂತೆ. ನಮ್ಮನ್ನು ಮರೆಯುವುದು ಎಲ್ಲ ಊರಿನಲ್ಲೂ ಇದ್ದದ್ದೇ ಎಂದು ನಾನು ಅಂದದ್ದಕ್ಕೆ ಅವರು ನಗಬಾರದೆಂದುಕೊಂಡರೂ ನಕ್ಕರು.

ಈಗಿನ ಕಾಲದಲ್ಲಿ ಯಹೂದಿಗಳಲ್ಲೇ ಒಮ್ಮತವಿಲ್ಲವಂತೆ. ಸುಧಾರಣೆಯವರು ಎನ್ನುವ ಒಂದು ಪಂಗಡದ ಗುರುಗಳು ಗಂಡಸರಿಬ್ಬರಿಗೆ ಮದುವೆಯನ್ನೇ ಮಾಡಿಸುತ್ತಾರೆ. ನಡುದಾರಿಯ ಇನ್ನೊಂದು ಪಂಗಡವಿದೆ, ಅದರ ಪಂಡಿತರ ಸಮಿತಿ 2006ರಲ್ಲಿ ಒಂದೇ ದಿನ ಒಂದಕ್ಕೊಂದು ಎದುರಾದ ತೀರ್ಪುಗಳನ್ನು ಒಪ್ಪಿತಂತೆ. ಒಂದು, ಹಳೆಯ ನಿಷೇಧ ಹಾಗೇ ಇರಲಿ ಎಂದು. ಇನ್ನೊಂದು, ಮನುಷ್ಯನ ಮರ್ಯಾದೆ ಉಳಿಸುವುದೂ ಧರ್ಮವೇ, ಆದ್ದರಿಂದ ನಿಷೇಧವನ್ನು ಬಹಳಷ್ಟು ಸಡಿಲಿಸಿ ಅಂಥ ಜೋಡಿಗಳನ್ನು ಒಪ್ಪಬಹುದು ಎಂದು. ಯಾವುದನ್ನು ಹಿಡಿಯಬೇಕೆನ್ನುವುದು ಆಯಾ ಗುರುವಿಗೆ ಬಿಟ್ಟದ್ದು. ಒಂದೇ ಸಭೆಯಲ್ಲಿ ಹೌದು ಮತ್ತು ಇಲ್ಲ ಎರಡನ್ನೂ ಪಾಸು ಮಾಡಿದರೆಂದರೆ ಅವರು ನಮ್ಮ ಊರಿನವರೇ ಇರಬೇಕು ಎಂದೆ. "ನಾನು ಆ ಎರಡು ಪಂಗಡಕ್ಕೂ ಸೇರಿದವನಲ್ಲ ಅಮ್ಮಾ. ನಾನು ಹಳೇ ದಾರಿ" ಎಂದರು ರೋಹೇಕರರು. ಹಳೇ ದಾರಿಯವರಿಗೆ ಆ ಕೆಲಸ ನಿಷಿದ್ಧವೇ. ಆದರೆ ಮನಸ್ಸಿಗೆ ಹಾಗೆ ಅನ್ನಿಸುವುದೇ ಪಾಪವಲ್ಲ. ಆ ಮನುಷ್ಯ ಯಹೂದಿಯಾಗಿಯೇ ಉಳಿಯುತ್ತಾನೆ. ಅವನನ್ನು ಹೀಯಾಳಿಸಬಾರದು, ಪ್ರಾರ್ಥನಾ ಮಂದಿರದ ಬಾಗಿಲು ಅವನಿಗೆ ತೆರೆದಿರಬೇಕು ಎಂದು ಅವರ ಗುರುಗಳಲ್ಲೇ ಹಲವರು ಬರೆದಿದ್ದಾರಂತೆ.

ಅಷ್ಟರಲ್ಲಿ ನನಗೆ ವಾದದ ತುದಿ ಸಿಕ್ಕಿತ್ತು. "ಇಷ್ಟೆಲ್ಲ ಏಳಿದ್ರಿ. ಅಪ್ಪ ಮಗನ ಮನೇಲಿ ಉಣ್ಬಾರದು ಅಂತ ಎಲ್ಲಿ ಬರ್ದೈತೆ?" ಎಂದೆ. ಅವರು ಕಾಳು ಬಿಡಿಸುವುದನ್ನು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. "ಶನಿವಾರ ಕೆಲ್ಸ ಮಾಡೋದು ನಿಮ್ಮಲ್ಲಿ ಎಂಥಾ ತಪ್ಪು?" ಎಂದು ಕೇಳಿದೆ. ಅದೂ ಅಷ್ಟೇ ದೊಡ್ಡದು, ಅದಕ್ಕೂ ತೋರಾದಲ್ಲಿ ಮರಣದಂಡನೆಯನ್ನೇ ಹೇಳಿದೆ ಎಂದರು. ಶನಿವಾರ ಕೆಲಸ ಮಾಡುವ ನೆಂಟರು ಯಾರೂ ಇಲ್ಲವೇ ಎಂದೆ. ಇದ್ದಾನೆ, ಸ್ವಂತ ತಮ್ಮ, ಶನಿವಾರವೂ ಅಂಗಡಿ ತೆಗೆಯುತ್ತಾನೆ. ಅವನ ಮನೆಗೆ ಹೋಗುತ್ತೀರಾ? "ಹಬ್ಬಕ್ಕೆ ಹೋಗ್ತೇನೆ, ನನ್ನ ಡಬ್ಬಿ ಒಯ್ದು ಜೊತೆಗೆ ಊಟ ಮಾಡ್ತೇನೆ" ಎಂದು ಹೇಳುವಾಗ ಅವರ ದನಿ ಇಳಿದುಹೋಯಿತು. ಆಮೇಲೆ ತಾವಾಗಿಯೇ, ತುಂಬ ನಿಧಾನವಾಗಿ, "ಮಗನ ಮನೇಲಿ ಉಣ್ಣಬಾರದು ಅಂತ ಎಲ್ಲೂ ಬರೆದಿಲ್ಲ ಅಮ್ಮಾ. ಅದು ನಮ್ಮ ಜನರ ಮುಂದೆ ನನಗೆ ಆದ ನಾಚಿಕೆ" ಎಂದರು. ಆಗ ಅವರ ಮೇಲೆ ನನಗೆ ಕನಿಕರ ಹುಟ್ಟಿತು, ಆದರೆ ಗೆಲ್ಲುವ ಹೊತ್ತಿನಲ್ಲಿ ಕೈ ಬಿಡುವ ಸ್ವಭಾವ ನನ್ನದಲ್ಲ.

ಅವರು ಒಲೆ ಹಚ್ಚಿ ಪಾತ್ರೆ ಇಟ್ಟರು, ನಾನು ಹಿತಕಿದ ಬೇಳೆಯ ಸಾರು ಮಾಡಿದೆ. ಅದೇ ಪಾತ್ರೆಯನ್ನು ತೊಳೆದು ಅವರು ಮತ್ತೆ ಇಟ್ಟರು, ಅನ್ನವಾಯಿತು. ಎಲ್ಲರೂ ಸಾಲಾಗಿ ಕೂತೆವು. ಅವರು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಹೆಂಡತಿ ಹೋದ ಮೇಲೆ ಇನ್ನೊಬ್ಬರು ಬಡಿಸಿದ ಬಿಸಿ ಅನ್ನ ಉಂಡದ್ದು ಇದೇ ಮೊದಲು ಎಂದರು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ನಾನು ಹೇಳಿಯೇಬಿಟ್ಟೆ: "ರೋಹೇಕರ್ರೇ, ನೆನ್ನೆ ಮೊನ್ನೆ ಕಂಡ ಮುದ್ಕಿ ನಾನು. ನನ್ ಕೈ ಅಡ್ಗೆ ಉಣ್ಣಕ್ಕೆ ನಿಮ್ ಕಾನೂನೊಳ್ಗೇನೆ ದಾರಿ ಹುಡುಕುದ್ರಿ. ಅಂಗ್ಡಿಗೋದ್ರಿ, ಹೊಳೆಗಿಳುದ್ರಿ, ಕೂತ್ಕಂಡು ಒಂದೊಂದ್ ಕಾಳೂ ನೋಡುದ್ರಿ. ಹೆತ್ತ ಮಗನ ಮನೆಗೋಗಕ್ಕೆ ಒಂದ್ ದಿನಾನಾದ್ರೂ ಇಂಗೆ ಹುಡುಕಿದ್ರಾ?" ಪುಷ್ಪಲತಾ ನನ್ನ ತೊಡೆ ಚಿವುಟಿದಳು. ಅವರು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡು, ಕೈ ತೊಳೆದು, ಹಿತ್ತಲಿಗೆ ಹೋಗಿ ಒಬ್ಬರೇ ನಿಂತುಬಿಟ್ಟರು.

ಅರಸೀಕೆರೆಗೆ ವಾಪಸಾದ ಮೇಲೂ ಅಂಗಳದಲ್ಲಿ ಒಬ್ಬರೇ ತಿರುಗಾಡಿದರು. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಅವರು ಪ್ರಯಾಣ ಮಾಡುವಂತಿಲ್ಲ, ದೀಪದ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಹಾಗಾಗಿ ನಮ್ಮಲ್ಲೇ ಉಳಿದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ಮೇಣದಬತ್ತಿ ಹಚ್ಚಿಟ್ಟರು. ನಿನ್ನಪ್ಪ ನನ್ನ ಹತ್ತಿರ ಬಂದು, "ಅವ್ವ, ನೀನು ಜಾಸ್ತಿ ಮಾತಾಡ್ಬಿಟ್ಟೆ, ಮನ್ಸಿಗೆ ಹತ್ತಿಸ್ಕಂಡವ್ರೆ" ಎಂದ. ಹತ್ತಲಿ ಎಂದೇ ಹೇಳಿದ್ದು ಎಂದೆ. ಬಾಯಲ್ಲಿ ಹಾಗೆ ಅಂದೆನೇ ಹೊರತು ಶನಿವಾರವೆಲ್ಲ ನನ್ನ ಜೀವ ಕೈಯಲ್ಲಿತ್ತು ಕಣೋ. ಈ ಮನುಷ್ಯ ಹೀಗೇ ಎದ್ದು ಠಾಣೆಗೆ ಹೋಗಿಬಿಟ್ಟರೆ, ರೂಬೆನ್ ಇನ್ನು ಅಪ್ಪನನ್ನು ಕಾಣುವುದೆಂದು? ಲಿಂಗಪೂಜೆಗೆ ಕೂತಾಗಲೂ ಅದೇ ಯೋಚನೆ.

ನಿನ್ನೆ ಕತ್ತಲಾಗಿ ನಕ್ಷತ್ರ ಮೂಡಿದವು. ಅವರು ಅಂಗಳದಲ್ಲಿ ನಿಂತು ಅವನ್ನು ನೋಡಿ, ಒಳಗೆ ಬಂದು, ಗೋಡೆಯ ಸ್ವಿಚ್ ತಾವೇ ಹಾಕಿ, ನನ್ನೆದುರು ಕೂತರು. "ಅಮ್ಮಾ, ಕಾನೂನು ತಿದ್ದೋಕೆ ನಾನು ಯಾರೂ ಅಲ್ಲ. ಅದು ಸರಿ ಅಂತ ನನ್ನ ಬಾಯಿಂದ ಬರೋದಿಲ್ಲ. ಆದರೆ ನನ್ನ ಮಗ ನನ್ನ ಮಗನೇ. ನಾನು ಅವರ ಮನೆಗೆ ಹೋಗ್ತೇನೆ, ಊಟ ಮಾಡ್ತೇನೆ" ಎಂದರು. ನಾನು ಅಷ್ಟು ಸಾಕಪ್ಪಾ ಎನ್ನುವಷ್ಟರಲ್ಲಿ ನಿನ್ನಪ್ಪ ಬಾಗಿಲ ಹಿಂದಿನಿಂದ, "ಹಂಗನ್ನಿ ಮತ್ತೆ!" ಎಂದು ಕೂಗಿಯೇಬಿಟ್ಟ. ಗೆದ್ದೆ ಕಣೋ ಇಂದ್ರೇಶ! ಮಠದ ಯಾವ ವಾದದಲ್ಲಿ ಗೆದ್ದಿದ್ದರೂ ನನಗೆ ಇಷ್ಟು ಹಿಗ್ಗಾಗುತ್ತಿರಲಿಲ್ಲ. ನಿಮ್ಮ ಅಡುಗೆಮನೆಯ ವಿಚಾರಣೆಯೂ ಆಯಿತು. ನೀನು ಮಾಂಸ ಮುಟ್ಟದವನಾದ್ದರಿಂದ ಆ ಮನೆಯಲ್ಲಿ ಹಾಲು ಮಾಂಸ ಬೆರೆಯುವ ಅರ್ಧ ತಂಟೆಯೇ ಇಲ್ಲ ಎಂದು ಹೇಳಿದಾಗ, ಅವರು ನಿನ್ನ ಹೆಸರನ್ನು ಮೊದಲ ಸಲ ಬಾಯಲ್ಲಿ ಹೇಳಿದರು. "ಇಂದ್ರೇಶ್ ಒಳ್ಳೇ ಹುಡುಗ" ಎಂದರು. ಅವರಲ್ಲಿ ಶುಭದ ದಿನ ಅವಲಕ್ಕಿಗೆ ಹಸಿ ಕಾಯಿತುರಿ, ಸಕ್ಕರೆ ಬೆರೆಸಿ, ಹಣ್ಣಿಟ್ಟು ಮಲೀದಾ ಎಂದು ಮಾಡುತ್ತಾರಂತೆ. ಅದನ್ನು ಕೇಳಿದ್ದೇ ನಿನ್ನಪ್ಪ ಎದ್ದು ಗೋಡೌನಿಗೆ ಹೋದ. ಇಷ್ಟು ವರ್ಷ ನಿನ್ನ ಸ್ನೇಹಿತ, ನಿನ್ನ ಸ್ನೇಹಿತ ಎಂದು ಸುತ್ತಿ ಬಳಸಿ ಹೇಳುತ್ತಿದ್ದವನು, ಒಂದೊಂದು ತೆಂಗಿನಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಾ, "ಇವು ರೂಬೆನ್‌ಗೆ" ಎಂದ. ನಿನ್ನಮ್ಮನಿಗೆ ಫೋನ್ ಮಾಡಿ ಹೇಳಿದೆ, ಅವಳು ಅತ್ತಳು, ಆಮೇಲೆ ತನ್ನನ್ನು ಬಿಟ್ಟು ಯಗಚಿಗೆ ಹೋದೆವೆಂದು ಜಗಳವಾಡಿದಳು.

ಒಂದು ಮಾತು. ಅವರ ಜೊತೆ ಕಾನೂನಿನ ವಾದಕ್ಕೆ ನೀನು ಇಳಿಯಬೇಡ, ಆ ಕೆಲಸ ನಾನು ಮಾಡಿ ಮುಗಿಸಿದ್ದೇನೆ. ನಿಮ್ಮ ಪ್ರೀತಿಯಲ್ಲಿ ತಪ್ಪಿದೆ ಎಂದು ನನಗೆ ಎಂದೂ ಅನ್ನಿಸಿಲ್ಲ. ಅವರಿಗೆ ಅನ್ನಿಸುತ್ತದೆ, ಅನ್ನಿಸಿದರೂ ಬರುತ್ತಾರೆ. ಹಾಗೆ ಬರುವುದು ಎಷ್ಟು ಕಷ್ಟವೆಂದು ನೆನಪಿಟ್ಟುಕೊಂಡು ಮರ್ಯಾದೆಯಿಂದ ನಡೆದುಕೋ. ಇಬ್ಬರೂ ನೂರು ಕಾಲ ಒಟ್ಟಿಗೆ ಬಾಳಿ. ರೂಬೆನ್‌ನ ತಲೆ ಮೇಲೆ ಕೈಯಿಟ್ಟು ನನ್ನ ಹರಕೆ ಮುಟ್ಟಿಸು.

ಇಂತಿ ನಿನ್ನ ಅಜ್ಜಿ,
ಈ ವಾರ ಯಾರ ಮಾತನ್ನೂ ಕೇಳದ
ವಿಶಾಲಮ್ಮ

ತಾ.ಕ.: ನಿನ್ನಪ್ಪ ಕಾರಿನ ಹಾರನ್ ಹೊಡೆಯುತ್ತಿದ್ದಾನೆ, ಪುಣೆಯ ರೈಲಿಗೆ ಹೊತ್ತಾಯಿತು. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ನಿನ್ನ ಕೈಗೆ ಇದನ್ನು ಕೊಟ್ಟವರು ನೀನು ಇನ್ನೂ ಮುಖ ನೋಡಿರದ ರೋಹೇಕರರೇ. ನೀನು ಇದನ್ನು ಓದುವಷ್ಟು ಹೊತ್ತೂ ನಿಮ್ಮ ಬಾಗಿಲಲ್ಲಿ ಕಾಯಿಗಳ ಚೀಲ ಹೊತ್ತು ನಿಂತಿದ್ದಾರೆ. ಓದಿದ್ದು ಸಾಕು, ರೂಬೆನ್‌ನನ್ನು ಕೂಗು. ಅವನ ಅಪ್ಪನನ್ನು ಅವನೇ ಒಳಗೆ ಕರೆಯಲಿ.